ಗೈಡ್ ಬೇಕಾ, ಬೇಡ್ವಾ? ಮಕ್ಕಳ ಜೊತೆ ಆಂಕೋರ್‌ನಲ್ಲಿ ಮೂರು ದಿನ

ವಿದೇಶ ಪ್ರವಾಸಕ್ಕೆ ಬಜೆಟ್ ಹಾಕುವಾಗ ಟಿಕೆಟ್, ವೀಸಾ, ಹೋಟೆಲ್, ಇನ್ಶೂರೆನ್ಸ್ ಎಲ್ಲ ಬರೆದು ಮುಗಿಸಿದ ಮೇಲೆ ಕೊನೆಗೆ ಒಂದು ಸಾಲು ಉಳಿದುಬಿಡುತ್ತೆ: ಗೈಡ್. ಇಬ್ಬರೇ ಹೋಗುವಾಗ ಇದು ದೊಡ್ಡ ಪ್ರಶ್ನೆಯೇ ಅಲ್ಲ. ಬೇಕು ಅನ್ನಿಸಿದರೆ ಅಲ್ಲೇ ಒಬ್ಬರನ್ನು ಕರೆದುಕೊಂಡರಾಯ್ತು, ಇಲ್ಲದಿದ್ದರೆ ಫೋನ್ ಇದೆ. ಆದರೆ ಜೊತೆಗೆ ಏಳು ವರ್ಷದ ಮಗಳು, ಮೂರು ವರ್ಷದ ಮಗ ಇದ್ದರೆ ಲೆಕ್ಕವೇ ಬೇರೆ. ಹತ್ತು ನಿಮಿಷಕ್ಕೊಮ್ಮೆ ನೀರು, ಸೂಸು, ಎತ್ಕೋ ಅಂತ ಶುರುವಾಗುವಾಗ ದುಡ್ಡು ಕೊಟ್ಟು ಕರೆದುಕೊಂಡ ಗೈಡ್ ಮಾತು ಕೇಳೋರು ಯಾರು?

ಕಳೆದ ಡಿಸೆಂಬರ್ ರಜೆಯಲ್ಲಿ ನಾವು ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಹೋಗಿದ್ವಿ. ಆಂಕೋರ್ ವಾಟ್ ನೋಡಬೇಕು ಅನ್ನೋದು ಮದುವೆಗೆ ಮುಂಚಿನಿಂದಲೂ ಇಬ್ಬರಿಗೂ ಇದ್ದ ಆಸೆ. ಅಲ್ಲಿ ಮೂರು ದಿನದಲ್ಲಿ ಗೈಡ್ ಇಟ್ಟುಕೊಂಡದ್ದು ಒಂದೇ ಒಂದು ಬೆಳಗ್ಗೆ. ಯಾಕೆ ಹಾಗೆ ಮಾಡಿದ್ವಿ, ಅದರಿಂದ ಏನು ಸಿಕ್ಕಿತು ಅಂತ ಹೇಳಿದರೆ ಚಿಕ್ಕ ಮಕ್ಕಳಿರುವ ನಿಮಗೂ ಉಪಯೋಗ ಆಗಬಹುದು.

ಕೇಳೋದು ಯಾರು, ಓಡೋದು ಯಾರು?

ಹೊರಡುವ ಮುಂಚೆ ಮನೆಯಲ್ಲಿ ಇದೇ ಚರ್ಚೆ. ನನ್ನ ಗಂಡ ಹೇಳಿದ್ದು ಇಷ್ಟು: "ಆಡಿಯೋ ಗೈಡ್ ಇದೆ, ಯೂಟ್ಯೂಬ್ ಇದೆ, ಪುಸ್ತಕ ಇದೆ. ಇಬ್ಬರೂ ಓದಿಕೊಂಡು ಹೋಗೋಣ. ಮಕ್ಕಳು ಅರ್ಧ ಗಂಟೆಗೆ ಸುಸ್ತಾಗ್ತಾರೆ, ಇಡೀ ದಿನದ ಗೈಡ್ ದುಡ್ಡು ವೇಸ್ಟ್."

ಮಾತು ಸರಿಯಾಗೇ ಇತ್ತು. ಆದರೆ ನನ್ನ ಮನಸ್ಸಲ್ಲಿ ಇದ್ದದ್ದು ಬೇರೆ. ಮಕ್ಕಳಾದ ಮೇಲೆ ನಾವು ಹೋದ ಊರುಗಳನ್ನೆಲ್ಲ ನೆನಪಿಸಿಕೊಂಡೆ. ಬೇಲೂರಿನಲ್ಲಿ ಗೈಡ್ ಮದನಿಕೆಯರನ್ನು ತೋರಿಸುವಾಗ ನಾನು ಅಂಗಳದಲ್ಲಿ ಪಾರಿವಾಳದ ಹಿಂದೆ ಓಡುವ ಮಗನ ಹಿಂದೆ ಓಡ್ತಿದ್ದೆ. ಹಂಪಿಯಲ್ಲಿ ಮರದ ಕೆಳಗೆ ಕೂತು ಮೊಸರನ್ನ ತಿನ್ನಿಸ್ತಿದ್ದೆ. ಎರಡು ಕಡೆಯೂ ಗೈಡ್ ಇದ್ದರು, ದುಡ್ಡೂ ಕೊಟ್ಟಿದ್ವಿ. ಕೇಳಿದ್ದು ಮಾತ್ರ ಒಬ್ಬರೇ.

"ಗೈಡ್ ಬೇಕೋ ಬೇಡ್ವೋ ಆಮೇಲೆ ನೋಡೋಣ. ಬಂದರೆ ಅರ್ಧ ನಾನು ಕೇಳ್ಬೇಕು, ಅರ್ಧ ನೀನು. ಅದು ಮೊದಲು ಇತ್ಯರ್ಥ ಆಗ್ಲಿ" ಅಂದೆ. ಅವನು ಒಂದು ನಿಮಿಷ ಸುಮ್ಮನಿದ್ದು "ನ್ಯಾಯ" ಅಂದ. ಉಳಿದ ಪ್ಲಾನ್ ಎಲ್ಲ ಈ ಒಂದು ಒಪ್ಪಂದದ ಮೇಲೆ ನಿಂತಿತು.

ಎಷ್ಟು ದೊಡ್ಡದು ಗೊತ್ತಾ?

ಆಂಕೋರ್ ಅಂದರೆ ಒಂದು ದೇವಸ್ಥಾನ ಅಲ್ಲ. ಸುಮಾರು 400 ಚದರ ಕಿಲೋಮೀಟರ್ ಹರಡಿರುವ, ಖಮೇರ್ ರಾಜರ ಹಳೆಯ ರಾಜಧಾನಿ ಪ್ರದೇಶ. 1992ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಆಂಕೋರ್ ಅನ್ನೋ ಹೆಸರೇ ಸಂಸ್ಕೃತದ 'ನಗರ'ದಿಂದ ಬಂದದ್ದು.

ಅದರೊಳಗಿನ ಆಂಕೋರ್ ವಾಟ್ ಕಟ್ಟಿಸಿದ್ದು ಎರಡನೇ ಸೂರ್ಯವರ್ಮ, 12ನೇ ಶತಮಾನದ ಮೊದಲ ಭಾಗದಲ್ಲಿ, ವಿಷ್ಣುವಿಗಾಗಿ. ಅವನು ಪಟ್ಟಕ್ಕೆ ಬಂದದ್ದು 1113ರಲ್ಲಿ. ನಮ್ಮ ಬೇಲೂರಿನಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ಅಂದರೆ ಎರಡೂ ಕಡೆ ಒಂದೇ ಕಾಲದಲ್ಲಿ ವಿಷ್ಣುವಿಗೆ ಕಲ್ಲು ಕಡೀತಿದ್ದರು. ಇದನ್ನು ಮಗಳಿಗೆ ಹೇಳಿದಾಗ ಅವಳು ಕೇಳಿದ್ದು, "ಅವರಿಬ್ಬರೂ ಫ್ರೆಂಡ್ಸಾ?"

ಪಾಸ್ ಲೆಕ್ಕ ಹೀಗಿತ್ತು: ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. 12 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಆದರೆ ಪಾಸ್‌ಪೋರ್ಟ್ ಜೊತೆಗಿರಲಿ. ಮೂರು ದಿನದ ಪಾಸನ್ನು ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಬಳಸಬಹುದು. ಮಕ್ಕಳಿರುವವರಿಗೆ ಇದೇ ದೊಡ್ಡ ಅನುಕೂಲ. ಮಧ್ಯೆ ಒಬ್ಬರಿಗೆ ಜ್ವರ ಬಂದರೂ ಟಿಕೆಟ್ ಹಾಳಾಗಲ್ಲ.

ನಮಗೆ ಸಿಕ್ಕ ಇಂಗ್ಲಿಷ್ ಗೈಡ್ ಹೇಳಿದ ದರ ಇಡೀ ದಿನಕ್ಕೆ 40 ಡಾಲರ್, ಅರ್ಧ ದಿನಕ್ಕೆ 25. ಇದು ತಲೆಗೆ ಇಷ್ಟು ಅಂತ ಅಲ್ಲ, ಇಡೀ ಕುಟುಂಬಕ್ಕೆ. ಅರ್ಧ ದಿನ ಸಾಕು ಅಂದ್ವಿ. ಅದೂ ಎರಡನೇ ದಿನಕ್ಕೆ. ಮೊದಲ ದಿನ ಮಕ್ಕಳು ಬಿಸಿಲಿಗೆ, ಮೆಟ್ಟಿಲಿಗೆ, ಆ ಊರಿನ ಊಟಕ್ಕೆ ಹೇಗೆ ಹೊಂದಿಕೊಳ್ತಾರೆ ನೋಡೋಣ ಅಂತ.

ಮೊದಲ ದಿನ: ನಾವು ನಾವೇ

ಆಂಕೋರ್ ವಾಟ್‌ಗೆ ಎಲ್ಲರೂ ಪಶ್ಚಿಮದ ಬಾಗಿಲಿಂದ ಹೋಗ್ತಾರೆ. ಆ ಕಡೆಯಿಂದ ಹೋದರೆ 190 ಮೀಟರ್ ಅಗಲದ ಕಂದಕ ದಾಟಿ, ಆಮೇಲೆ ಉದ್ದನೆಯ ಕಲ್ಲುಹಾಸಿನ ದಾರಿಯಲ್ಲಿ ನಡೆಯಬೇಕು. ನೋಟ ಅದ್ಭುತ, ನೆರಳು ಕಮ್ಮಿ. ನಾವು ಪೂರ್ವದ ಬಾಗಿಲಲ್ಲಿ ಟುಕ್‌ಟುಕ್ ಇಳಿದ್ವಿ. ಅಲ್ಲಿ ಮರಗಳ ನಡುವೆ ಮಣ್ಣಿನ ದಾರಿ, ಜನ ಕಮ್ಮಿ. ಸ್ಟ್ರಾಲರ್ ಹೋಟೆಲಲ್ಲೇ ಬಿಟ್ಟಿದ್ವಿ, ಈ ಮೆಟ್ಟಿಲುಗಳಲ್ಲಿ ಅದರಿಂದ ಏನೂ ಪ್ರಯೋಜನ ಇಲ್ಲ.

ಪೂರ್ವದಿಂದ ಹೋಗುವುದಕ್ಕೆ ಇನ್ನೊಂದು ಕಾರಣ ಇತ್ತು. ಸಮುದ್ರಮಥನದ ಉಬ್ಬುಶಿಲ್ಪ ಇರೋದು ಆ ಕಡೆಯ ಮೊಗಸಾಲೆಯಲ್ಲೇ. ಸುಮಾರು 49 ಮೀಟರ್ ಉದ್ದದ ಒಂದೇ ಚಿತ್ರ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು, ಕೆಳಗೆ ಆಮೆ. ಸಮುದ್ರದಲ್ಲಿ ಮೀನು, ಮೊಸಳೆ. ಮಗ ಮೀನು ನೋಡಿ ಅಲ್ಲೇ ಕೂತುಬಿಟ್ಟ.

ಮಗಳು ಮಾತ್ರ ಶಿಲ್ಪದ ಉದ್ದಕ್ಕೂ ನಡೆದಳು. ಎಣಿಸೋಕೆ ಶುರು ಮಾಡಿ ನಲವತ್ತಕ್ಕೆ ಬಿಟ್ಟಳು. ಆಮೇಲೆ ಹಾವಿನ ತಲೆ ಕಡೆ ಬಂದು ಕೂಗಿದಳು: "ಅಮ್ಮಾ, ಅಜ್ಜಿ ಹೇಳಿದ ಹಾಗೇ ಇದೆ! ರಾಕ್ಷಸರೇ ತಲೆ ಹಿಡ್ಕೊಂಡಿದಾರೆ!"

ಅಲ್ಲಿಂದ ಮುಂದೆ ಕಥೆ ಹೇಳಿದ್ದು ಅವಳೇ. ಬಾಲ ಹಿಡಿಯೋದು ಅವಮಾನ ಅಂತ ರಾಕ್ಷಸರು ಜಗಳ ಮಾಡಿದ್ದು, ವಾಸುಕಿಯ ಬಾಯಿಂದ ವಿಷದ ಉಸಿರು ಬಂದು ಅವರಿಗೇ ಸುಟ್ಟಿದ್ದು, ಶಿವ ವಿಷ ಕುಡಿದಾಗ ಪಾರ್ವತಿ ಕುತ್ತಿಗೆ ಹಿಡಿದದ್ದು. ಪಕ್ಕದಲ್ಲಿ ನಿಂತಿದ್ದ ಬೇರೆ ದೇಶದ ದಂಪತಿ, ಅರ್ಥ ಆಗದಿದ್ದರೂ, ಅವಳ ಕೈಸನ್ನೆ ನೋಡ್ತಾ ನಿಂತಿದ್ದರು. ಪಶ್ಚಿಮದ ಗೋಡೆಯಲ್ಲಿ ಕುರುಕ್ಷೇತ್ರ ಇದೆ. ಬಾಣದ ಹಾಸಿಗೆ ಮೇಲೆ ಮಲಗಿರುವ ಭೀಷ್ಮನನ್ನು ಅವಳೇ ಹುಡುಕಿದಳು.

ಆವತ್ತು ಅಲ್ಲಿ ಗೈಡ್ ಇದ್ದಿದ್ದರೆ ಅವರು ಹೇಳ್ತಿದ್ದರು, ಇವಳು ಕೇಳ್ತಿದ್ದಳು. ಗೈಡ್ ಇರಲಿಲ್ಲ, ಹಾಗಾಗಿ ಇವಳು ಹೇಳಿದಳು. ಊರಲ್ಲಿ ಅಜ್ಜಿ ಮಧ್ಯಾಹ್ನ ಮಲಗಿಸ್ತಾ ಹೇಳಿದ ಕಥೆ ವಿದೇಶದ ಗೋಡೆ ಮೇಲೆ ಸಿಕ್ಕಿದಾಗ ಅದನ್ನು ಮಗುವಿನ ಬಾಯಿಂದಲೇ ಕೇಳುವ ಸುಖ ಇದೆಯಲ್ಲ, ಅದಕ್ಕೆ ಸಮಯ ಬೇಕು. ಗಂಟೆಗೆ ಇಷ್ಟು ಅಂತ ಯಾರೂ ಪಕ್ಕದಲ್ಲಿ ನಿಂತಿರಬಾರದು.

ಒಂದು ಪ್ರಶ್ನೆಗೆ ಮಾತ್ರ ನಮ್ಮ ಹತ್ತಿರ ಉತ್ತರ ಇರಲಿಲ್ಲ. ದೇವತೆಗಳ ಸಾಲಿನ ಕೊನೆಯಲ್ಲಿ ಬಾಲ ಎತ್ತಿ ಹಿಡಿದಿರೋದು ಒಂದು ಕಪಿ. ಹನುಮಂತ ಅಂತ ಹೇಳ್ತಾರೆ. "ಅಜ್ಜಿ ಕಥೇಲಿ ಹನುಮಂತ ಇರ್ಲಿಲ್ಲ. ಇಲ್ಲಿಗೆ ಹೇಗೆ ಬಂದ?" ನಾಳೆ ಗೈಡ್ ಅಂಕಲ್ ಬರ್ತಾರೆ, ಅವರನ್ನೇ ಕೇಳು ಅಂದ್ವಿ.

ಬಕಾನ್ ಅನ್ನುವ ಮೇಲಿನ ಅಂತಸ್ತಿಗೆ 12 ವರ್ಷದೊಳಗಿನ ಮಕ್ಕಳನ್ನು ಬಿಡೋದಿಲ್ಲ. ಮೆಟ್ಟಿಲು ತುಂಬಾ ಕಡಿದು. ಭುಜ, ಮಂಡಿ ಮುಚ್ಚುವ ಬಟ್ಟೆಯೂ ಇರಲೇಬೇಕು. ಅವನು ಮೊದಲು ಹತ್ತಿ ಬಂದ, ಆಮೇಲೆ ನಾನು. ಮೇಲೆ ನಿಂತು ಕಾಡಿನ ಕಡೆ ನೋಡುವಾಗ ಕೈಯಲ್ಲಿ ನೀರಿನ ಬಾಟಲ್ ಇಲ್ಲ, ಸೊಂಟದ ಮೇಲೆ ಮಗು ಇಲ್ಲ. ಇಪ್ಪತ್ತು ನಿಮಿಷ. ಅಷ್ಟು ಸಾಕಾಗಿತ್ತು.

ಎರಡನೇ ದಿನ: ಗೈಡ್ ಜೊತೆ

ಹಿಂದಿನ ರಾತ್ರಿಯೇ ಗೈಡ್‌ಗೆ ಮೆಸೇಜ್ ಮಾಡಿ ನಾಲ್ಕು ವಿಷಯ ಹೇಳಿದ್ವಿ. ಮಕ್ಕಳ ವಯಸ್ಸು ಏಳು ಮತ್ತು ಮೂರು. ಎರಡು ಜಾಗ ಸಾಕು, ಮೂರನೆಯದು ಬೇಡ. ಇಸವಿಗಳು ಕಮ್ಮಿ ಇರಲಿ, ಪ್ರಾಣಿಗಳು ಜಾಸ್ತಿ ಇರಲಿ. ನರಕದ ಶಿಕ್ಷೆ, ಯುದ್ಧದ ಹಿಂಸೆ ಮಕ್ಕಳ ಮುಂದೆ ವಿವರವಾಗಿ ಬೇಡ, ಏನಾದರೂ ಹೇಳುವ ಮುಂಚೆ ನಮ್ಮ ಮುಖ ನೋಡಿ. ಆಂಕೋರ್ ವಾಟ್‌ನಲ್ಲೇ 32 ನರಕಗಳನ್ನು ಕೆತ್ತಿರುವ ಗೋಡೆ ಇದೆ, ಅದು ನೋಡಿದರೆ ದೊಡ್ಡವರಿಗೂ ನಿದ್ದೆ ಬರಲ್ಲ. ಅವರು ಬರೀ "ಓಕೆ, ನನಗೂ ಇಬ್ಬರು ಮಕ್ಕಳು" ಅಂತ ಉತ್ತರ ಬರೆದರು. ಅಲ್ಲಿಗೆ ಸಮಾಧಾನ ಆಯ್ತು.

ಬೆಳಗ್ಗೆ ಏಳೂವರೆಗೆ ಬಯೋನ್. ಏಳನೇ ಜಯವರ್ಮ ಕಟ್ಟಿಸಿದ ದೇವಾಲಯ, ಗೋಪುರಗಳ ಮೇಲೆಲ್ಲ 200ರಷ್ಟು ನಗುಮುಖಗಳು. ಗೈಡ್ ಮಗಳಿಗೆ ಒಂದು ಮುಖ ತೋರಿಸಿ, "ಇದಕ್ಕೆ ಖಮೇರ್ ಭಾಷೆಯಲ್ಲಿ 'ಮುಖ್' ಅಂತೀವಿ" ಅಂದರು. ಅವಳು ನಮ್ಮ ಕಡೆ ತಿರುಗಿ, "ಇವರಿಗೆ ಕನ್ನಡ ಬರುತ್ತಾ?" ಸಂಸ್ಕೃತದಿಂದ ಎರಡೂ ಭಾಷೆಗೆ ಹೋದ ಪದ ಅದು. ಅವಳಿಗೆ ಅದೆಲ್ಲ ಬೇಕಿರಲಿಲ್ಲ. ಅವರಿಬ್ಬರ ನಡುವೆ ಒಂದು ಪದದ ಸ್ನೇಹ ಆಗಿಹೋಗಿತ್ತು.

ಬಯೋನ್‌ನ ಹೊರಗೋಡೆ ನಾವಾಗಿ ಹೋಗಿದ್ದರೆ ಹತ್ತು ನಿಮಿಷದಲ್ಲಿ ದಾಟಿಬಿಡ್ತಿದ್ದೆವು. ಅಲ್ಲಿ ದೇವರ ಕಥೆಗಿಂತ ಜನರ ಬದುಕು ಜಾಸ್ತಿ. ಸಂತೆಯಲ್ಲಿ ಮಾರುವ ಹೆಂಗಸರು, ಕೋಳಿ ಅಂಕ, ಅಡುಗೆ, ಹೆರಿಗೆ, ದೋಣಿಯಲ್ಲಿ ಯುದ್ಧ, ದೋಣಿ ಕೆಳಗೆ ಮೀನು. ಗೈಡ್ ಒಂದೊಂದನ್ನೂ ತೋರಿಸಿ, "ಇದು ಇವತ್ತೂ ನಮ್ಮ ಹಳ್ಳೀಲಿ ಹೀಗೇ ಇದೆ" ಅಂತಿದ್ದರು. ಕೋಳಿ ಅಂಕ ನೋಡಿ ನಮ್ಮವನು ಮಂಗಳೂರು ಕಡೆಯ ಕತೆ ತೆಗೆದ. ಇಬ್ಬರು ಗಂಡಸರಿಗೆ ಕೋಳಿ ವಿಷಯದಲ್ಲಿ ಮಾತು ಮುಗಿಯಲೇ ಇಲ್ಲ. ಅದು ಅವನ ಪಾಳಿ. ನಾನು ಸ್ವಲ್ಪ ದೂರದಲ್ಲಿ ಮಗನಿಗೆ ಬಾಳೆಹಣ್ಣು ಸುಲಿದು ಕೊಡ್ತಿದ್ದೆ, ನನಗೆ ಬೇಜಾರಿರಲಿಲ್ಲ. ಮುಂದಿನ ಪಾಳಿ ನನ್ನದು ಅಂತ ಗೊತ್ತಿತ್ತು.

ಹನುಮಂತನ ಪ್ರಶ್ನೆ ಟುಕ್‌ಟುಕ್‌ನಲ್ಲಿ ಬಂತು. ಗೈಡ್ ನಕ್ಕರು. "ನಮ್ಮ ದೇಶದಲ್ಲಿ ಹನುಮಂತ ಇಲ್ಲದ ಕೆಲಸವೇ ಇಲ್ಲ. ಅವನಿಗೆ ಒಬ್ಬಳು ಮತ್ಸ್ಯಕನ್ಯೆ ಜೊತೆ ಮದುವೆ ಆದ ಕಥೆ ಗೊತ್ತಾ?" ಮಗಳು ಬಾಯಿ ಬಿಟ್ಟುಕೊಂಡು ಕೂತಳು. ಖಮೇರ್ ರಾಮಾಯಣವಾದ ರಿಯಾಮ್‌ಕೇರ್‌ನಲ್ಲಿ ರಾವಣನ ಮಗಳು ಸೊವನ್ ಮಚ್ಛಾ ಅಂತ ಒಬ್ಬಳು ಬರ್ತಾಳೆ. ಕಪಿಗಳು ಸೇತುವೆಗೆ ಹಾಕಿದ ಕಲ್ಲುಗಳನ್ನು ಅವಳ ಮೀನುಗಳು ನೀರಿನಡಿ ಕದ್ದುಕೊಂಡು ಹೋಗ್ತವೆ. ಹಿಡಿಯೋಕೆ ಹೋದ ಹನುಮಂತನಿಗೇ ಅವಳ ಮೇಲೆ ಪ್ರೀತಿ ಆಗುತ್ತೆ. ಅಜ್ಜಿಗೆ ಗೊತ್ತಿಲ್ಲದ ಕಥೆ ತನಗೆ ಗೊತ್ತಾಯ್ತು ಅನ್ನೋದು ಮಗಳಿಗೆ ಆ ಪ್ರವಾಸದ ದೊಡ್ಡ ಆಸ್ತಿ.

ತಾ ಪ್ರೋಮ್‌ನ ದಾರಿಯಲ್ಲಿ

ಆಮೇಲೆ ತಾ ಪ್ರೋಮ್. ಏಳನೇ ಜಯವರ್ಮ 1186ರಲ್ಲಿ ತಾಯಿಯ ಹೆಸರಲ್ಲಿ ಕಟ್ಟಿಸಿದ್ದು. ಗೋಡೆಗಳನ್ನು ಅಪ್ಪಿಕೊಂಡಿರುವ ದೈತ್ಯ ಬೇರುಗಳ ಫೋಟೋ ನೀವೂ ನೋಡಿರ್ತೀರಿ. ಇಲ್ಲಿ ಸಂರಕ್ಷಣೆಯ ಕೆಲಸದಲ್ಲಿ ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೂ ಕೈಜೋಡಿಸಿದೆ.

ದೇವಾಲಯಕ್ಕೆ ಹೋಗುವ ಮಣ್ಣಿನ ದಾರಿ ಪಕ್ಕ ಏಳೆಂಟು ಜನ ಚಾಪೆ ಮೇಲೆ ಕೂತು ವಾದ್ಯ ನುಡಿಸ್ತಿದ್ದರು. ನೆಲಬಾಂಬಿಗೆ ಸಿಕ್ಕಿ ಕೈಕಾಲು, ಕಣ್ಣು ಕಳೆದುಕೊಂಡವರು. ಮುಂದೆ ಒಂದು ಬೋರ್ಡು, ಒಂದು ಬುಟ್ಟಿ. ಒಬ್ಬರ ಕೃತಕ ಕಾಲು ಪಕ್ಕದಲ್ಲೇ ಬಿಚ್ಚಿಟ್ಟಿತ್ತು.

ಮಗಳು ನಿಂತುಬಿಟ್ಟಳು. "ಆ ಅಂಕಲ್ ಕಾಲು ಯಾಕೆ ಹಾಗಿದೆ?"

ನಾವಿಬ್ಬರೇ ಆಗಿದ್ದರೆ "ಆಮೇಲೆ ಹೇಳ್ತೀನಿ ಬಾ" ಅಂತ ಕೈ ಹಿಡಿದು ಎಳೆದುಕೊಂಡು ಹೋಗ್ತಿದ್ದೆವೇನೋ. ಗೈಡ್ ಮೊದಲು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರು ಅವಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು, ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು. ಬಹಳ ವರ್ಷ ಇಲ್ಲಿ ಯುದ್ಧ ಇತ್ತು. ಯುದ್ಧ ಮಾಡಿದವರು ಹೋಗುವಾಗ ನೆಲದೊಳಗೆ ಸಿಡಿಯುವ ವಸ್ತುಗಳನ್ನು ಬಿಟ್ಟುಹೋದರು. ಈ ಅಂಕಲ್ ಗದ್ದೆಗೆ ಹೋದಾಗ ಒಂದರ ಮೇಲೆ ಕಾಲಿಟ್ಟರು.

"ಇಲ್ಲೂ ಇದೆಯಾ?" ಅವಳು ತನ್ನ ಚಪ್ಪಲಿ ನೋಡಿಕೊಂಡಳು.

"ಇಲ್ಲಿ ಇಲ್ಲ. ಇಲ್ಲಿಂದ ಎಲ್ಲ ತೆಗೆದಿದ್ದಾರೆ. ಬೇರೆ ಹಳ್ಳಿಗಳಲ್ಲಿ ಇನ್ನೂ ತೆಗೀತಿದ್ದಾರೆ. ಯಾರು ಹುಡುಕಿ ಕೊಡ್ತಾರೆ ಗೊತ್ತಾ? ಇಲಿಗಳು."

ತಮಾಷೆ ಅಂದುಕೊಂಡೆ. ನಿಜ. ಆಫ್ರಿಕಾದ ದೊಡ್ಡ ಜಾತಿಯ ಇಲಿಗಳಿಗೆ ಸಿಡಿಮದ್ದಿನ ವಾಸನೆ ಹಿಡಿಯುವ ತರಬೇತಿ ಕೊಡ್ತಾರೆ. ತೂಕ ಕಮ್ಮಿ ಇರೋದರಿಂದ ಅವು ಮೇಲೆ ಓಡಾಡಿದರೂ ಬಾಂಬ್ ಸಿಡಿಯಲ್ಲ. ಮಗಾವಾ ಅನ್ನೋ ಇಲಿ ನೂರಕ್ಕೂ ಹೆಚ್ಚು ಸ್ಫೋಟಕಗಳನ್ನು ಪತ್ತೆಹಚ್ಚಿತು. 2020ರಲ್ಲಿ ಅದಕ್ಕೆ ಬ್ರಿಟನ್‌ನ ಸಂಸ್ಥೆಯೊಂದು ಚಿನ್ನದ ಪದಕವನ್ನೂ ಕೊಟ್ಟಿತು. ಈ ಕೆಲಸ ಮಾಡುವ ಅಪೋಪೋ ಸಂಸ್ಥೆಯ ಕೇಂದ್ರ ಸಿಯೆಮ್ ರೀಪ್‌ನಲ್ಲೇ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದು.

ಗೈಡ್ ಎದ್ದು ವಾದ್ಯದವರ ಹತ್ತಿರ ಹೋಗಿ ಕೈಮುಗಿದು ಮಾತಾಡಿಸಿದರು. ಪರಿಚಯದವರಂತೆ. ಮಗಳಿಗೆ 'ಓರ್ಕುನ್' ಅನ್ನೋಕೆ ಹೇಳಿಕೊಟ್ಟರು, ಧನ್ಯವಾದ ಅಂತ ಅರ್ಥ. ಅವಳು ಬುಟ್ಟಿಗೆ ನೋಟು ಹಾಕಿ ಓರ್ಕುನ್ ಅಂದಳು. ಕಾಲಿಲ್ಲದ ಆ ಅಂಕಲ್ ನಕ್ಕು ತಲೆ ಬಾಗಿಸಿದರು.

ಒಳಗೆ ಹೋದ ಮೇಲೆ ಗೈಡ್ ಬಾಗಿಲ ಪಕ್ಕದ ಒಂದು ಚಿಕ್ಕ ಕೆತ್ತನೆ ತೋರಿಸಿದರು. ಬೆನ್ನ ಮೇಲೆ ಹಲಗೆ ಹಲಗೆ ಇರುವ ಪ್ರಾಣಿ, ಥೇಟ್ ಡೈನೋಸಾರ್. ಹಿಂದೆ ಎಲೆಗಳಿರುವ ಯಾವುದೋ ಕಾಡುಪ್ರಾಣಿ ಇರಬಹುದು ಅನ್ನುವವರಿದ್ದಾರೆ. ಮೂರು ವರ್ಷದ ನಮ್ಮ ಮಗನ ತೀರ್ಮಾನ ಅಂತಿಮ: ಡೈನೋಸಾರ್. ಅವನು ಅಪ್ಪನ ಹೆಗಲ ಮೇಲೆ ಕೂತು ಘರ್ಜಿಸ್ತಾ ಹೊರಗೆ ಹೋದ. ನಾನು ಗೈಡ್ ಜೊತೆ ಮುಕ್ಕಾಲು ಗಂಟೆ ಒಬ್ಬಳೇ ನಡೆದೆ. ಯಾವ ಮರವನ್ನು ಉಳಿಸಬೇಕು, ಯಾವುದನ್ನು ಕಡಿಯಬೇಕು ಅಂತ ತೀರ್ಮಾನಿಸುವ ಕಷ್ಟದ ಬಗ್ಗೆ ಕೇಳಿದೆ. 1975ರಿಂದ 79ರವರೆಗೆ ಖಮೇರ್ ರೂಜ್ ಕಾಲದಲ್ಲಿ ಅವರ ಅಮ್ಮ ಬದುಕಿ ಉಳಿದದ್ದು ಹೇಗೆ ಅಂತ ಅವರಾಗೇ ಹೇಳಿದರು. ಅದು ಮಕ್ಕಳ ಮುಂದೆ ಹೇಳುವ ಮಾತಲ್ಲ, ಇಲ್ಲಿ ಬರೆಯುವುದೂ ನನ್ನದಲ್ಲ. ಮಕ್ಕಳಾದ ಮೇಲೆ ಒಂದು ಊರಿನ ಮಾತನ್ನು ನಾನು ಮೊದಲಿಂದ ಕೊನೆವರೆಗೆ ಕೇಳಿದ್ದು ಆವತ್ತೇ.

ಹನ್ನೊಂದೂವರೆಗೆ ಮುಗಿಸಿದ್ವಿ. ಮಧ್ಯಾಹ್ನ ಮಕ್ಕಳು ನಿದ್ದೆ ಮಾಡಿದರು, ಸಂಜೆ ಇಲಿ ನೋಡೋಕೆ ಹೋದ್ವಿ.

ಮೂರನೇ ದಿನ: ಮತ್ತೆ ನಾವೇ

ಬಾಂತೇಯ್ ಸ್ರೇಯ್ ಆಂಕೋರ್ ವಾಟ್‌ನಿಂದ ಸುಮಾರು 25 ಕಿಲೋಮೀಟರ್ ದೂರ. 967ರಲ್ಲಿ ಪ್ರತಿಷ್ಠೆಯಾದ, ಕೆಂಪು ಮರಳುಗಲ್ಲಿನ ಪುಟ್ಟ ಶಿವಾಲಯ. ಇಲ್ಲಿಗೆ ಗೈಡ್ ಬೇಡ ಅಂತ ಮೊದಲೇ ಅಂದುಕೊಂಡಿದ್ವಿ. ಜಾಗ ಚಿಕ್ಕದು, ಮಕ್ಕಳು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರ್ತಾರೆ. ಗೋಡೆ ಮೇಲಿನ ಕಥೆಗಳೂ ನಮ್ಮವೇ: ಕೈಲಾಸ ಅಲ್ಲಾಡಿಸುವ ರಾವಣ, ಖಾಂಡವವನದ ಮೇಲೆ ಇಂದ್ರನ ಮಳೆ, ಕಂಸವಧೆ. ಕಂಸವಧೆಯನ್ನು ಮಗಳು ಯಕ್ಷಗಾನದಲ್ಲಿ ನೋಡಿದ್ದಳು. ತಮ್ಮನನ್ನು ಕಂಸನಾಗಿ ಮಾಡಿ ಅಲ್ಲೇ ಮರದ ಕೆಳಗೆ ಆಡಿ ತೋರಿಸಿದಳು.

ನೀವು ಹೋಗುವಾಗ

ನಮ್ಮ ಅನುಭವದಲ್ಲಿ ಪ್ರಶ್ನೆಯನ್ನು ಇಡೀ ಪ್ರವಾಸಕ್ಕೆ ಕೇಳಬಾರದು, ಜಾಗ ಜಾಗಕ್ಕೆ ಕೇಳಬೇಕು. ಕಥೆ ನಿಮಗೇ ಗೊತ್ತಿದ್ದರೆ, ಅಥವಾ ಮಕ್ಕಳು ಓಡಾಡಿಕೊಂಡು ನೋಡುವ ಜಾಗವಾದರೆ, ಗೈಡ್ ಬೇಡ. ಆ ಊರಿನ ಇವತ್ತಿನ ಬದುಕು, ಅಲ್ಲಿಯವರು ಪಟ್ಟ ಪಾಡು, ನಿಮಗೆ ಓದೋಕೆ ಬಾರದ ಗೋಡೆ ಇದ್ದರೆ ಅರ್ಧ ದಿನ ಒಬ್ಬರು ಬೇಕು.

ಅರ್ಧ ದಿನ ಅಂದರೆ ಬೆಳಗ್ಗೆಯೇ ಇರಲಿ, ಊಟದ ಮುಂಚೆ ಮುಗಿಯಲಿ. ಪ್ರವಾಸದ ಮೊದಲ ದಿನ ಬೇಡ. ಲೈಸೆನ್ಸ್ ಇರುವವರನ್ನೇ ಕರೆಯಿರಿ, ಗುರುತಿನ ಚೀಟಿ ನೋಡಿ. ದರ ಕುಟುಂಬಕ್ಕೋ ತಲೆಗೋ ಅಂತ ಮುಂಚೆ ಕೇಳಿ. ಮಕ್ಕಳ ವಯಸ್ಸು ಹೇಳಿ ಅವರ ಉತ್ತರ ಗಮನಿಸಿ. ಮಕ್ಕಳ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಬರೀ ಜಾಗಗಳ ಪಟ್ಟಿ ಕಳಿಸಿದರೆ ಬೇರೆಯವರನ್ನು ಹುಡುಕಿ. ದೊಡ್ಡ ಗುಂಪಿನ ಬಸ್ ಟೂರ್‌ಗಳಲ್ಲಿ ಗೈಡ್ ಬಾವುಟ ಹಿಡಿದು ಮುಂದೆ ಹೋಗ್ತಾರೆ, ಮಗು ಎತ್ತಿಕೊಂಡವರು ಯಾವಾಗಲೂ ಹಿಂದೆ. ಚಿಕ್ಕ ಮಕ್ಕಳಿದ್ದರೆ ಅದಕ್ಕಿಂತ ನಿಮ್ಮ ಪಾಡಿಗೆ ನೀವು ಹೋಗೋದು ವಾಸಿ.

ಇದೆಲ್ಲದಕ್ಕಿಂತ ಮುಂಚೆ ಗಂಡ ಹೆಂಡತಿ ಕೂತು ಒಂದು ವಿಷಯ ಮಾತಾಡಿಕೊಳ್ಳಿ: ಗೈಡ್ ಮಾತಾಡುವಾಗ ಮಗು ಯಾರ ಹತ್ತಿರ ಇರುತ್ತೆ, ಎಷ್ಟು ಹೊತ್ತು, ಯಾವಾಗ ಬದಲಾವಣೆ? ಉತ್ತರ ಸಿಕ್ಕಿದ ಮೇಲೆ ಬುಕ್ ಮಾಡಿ. ಸಿಗದಿದ್ದರೆ ಆ ದುಡ್ಡಲ್ಲಿ ಎಲ್ಲರೂ ಎಳನೀರು ಕುಡೀರಿ.